ಅಡಿಗೆಮನೆಯ ಠರಾವು

ಇವತ್ತು ಮುಂಜಾನೆ ನಮ್ಮವರು ಟೊಪ್ಪಿಗೆ ಹುಡುಕುತ್ತ ಅಡಿಗೆಮನೆಯ ಬಾಗಿಲ ಮುಂದೆ ಹಾದು ಹೊರಟಿದ್ದರು. ಸಿಕ್ಕಾಗ ಕೇಳಿಬಿಡೋಣವೆಂದು ನಾನು ಕೇಳಿದೆ, "ಸಂಜೀಕ ಏನ ಮಾಡ್ಲಿ?" ಅವರು ನನ್ನ ಕಡೆ ನೋಡಲೂ ಇಲ್ಲ. "ಏನರೆ ಮಾಡು," ಅಂದರು. ಟೊಪ್ಪಿಗೆ ಸಿಕ್ಕಿತು, ಹೋದರು.

ನೀವೇ ಹೇಳಿರಿ, ಈ ಏನರೆ ಎಂಬ ಕಾಯಿಪಲ್ಲೆ ಯಾವ ಸಂತೆಯಲ್ಲಿ ಸಿಗುತ್ತದೆ? ಅದನ್ನು ಹೆಚ್ಚುವುದೋ, ತುರಿಯುವುದೋ? ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದೇನೆ, ಇನ್ನೂ ಅದರ ಮುಖ ನೋಡಿಲ್ಲ. ಮಾಡಿದ್ದನ್ನು ಬಡಿಸಿದಾಗ ಮಾತ್ರ ತಾಟಿನ ಕಡೆ ಒಮ್ಮೆ ನೋಡಿ, "ಓ, ಹೀರೀಕಾಯಿ ಮಾಡೀ ಏನು?" ಎಂದು ಎಳೆಯುತ್ತಾರಲ್ಲ, ಆ ಎಳೆತದಲ್ಲಿ ಎಲ್ಲ ಇರುತ್ತದೆ. ಏನಾದರೂ ನಡೆಯುತ್ತದೆ ಎಂದವರಿಗೆ ಹೀರೇಕಾಯಿ ಯಾಕೆ ನಡೆಯಬಾರದು ಎಂದು ಕೇಳಬೇಕೆನಿಸುತ್ತದೆ. ಕೇಳಿದರೆ, "ನಾ ಎಲ್ಲಿ ಬ್ಯಾಡ ಅಂದೆ?" ಎನ್ನುತ್ತಾರೆ. ಅದೂ ಖರೆ. ಬೇಡ ಎಂದವರಲ್ಲ. ಬೇಕು ಎಂದೂ ಅಂದವರಲ್ಲ.

ಈಗಂತೂ ಕಂಟ್ರೋಲಿನ ಕಾಲ, ರೇಶನ್ನಿನಲ್ಲಿ ಸಿಕ್ಕಷ್ಟೇ ಕಾಳು. ಅಂಗಡಿಯವನು ಕೆಂಪು ಜೋಳ ಕೊಟ್ಟರೆ ಕೆಂಪು ಭಕ್ರಿ, ಹೊಟ್ಟು ಬೆರೆತ ಗೋಧಿ ಕೊಟ್ಟರೆ ಹೊಟ್ಟಿನ ಚಪಾತಿ. ಆರಿಸಿಕೊಳ್ಳಲು ಅಡಿಗೆಮನೆಯಲ್ಲಿ ಏನೂ ಉಳಿದಿಲ್ಲ. ಆದರೂ ನಾನು ದಿನಾ ಕೇಳುವುದು ತಪ್ಪಿಲ್ಲ, ಅವರು ಹಾಗೆ ಹೇಳುವುದೂ ತಪ್ಪಿಲ್ಲ. ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಒಮ್ಮೆ ಕಂಡವಳು. ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ. ಒಲೆಯ ಮೇಲೆ ಬೇಳೆ ಇದೆ, ನಡುವೆ ಎದ್ದು ಹೋದರೆ ಸಿಟ್ಟಾಗಬೇಡಿರಿ.

ನನ್ನ ತವರು ಹುಬ್ಬಳ್ಳಿ. ಅಪ್ಪ ಹತ್ತಿ ಗಿರಣಿಯಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಕನ್ನಡ ಆರನೆಯ ಇಯತ್ತೆ ಮುಗಿಸಿ, ಇನ್ನೊಂದು ವರ್ಷ ಕಳೆದರೆ ಏಳನೆಯದರ ಮುಲ್ಕಿ ಪರೀಕ್ಷೆ ಎನ್ನುವಾಗ ಧಾರವಾಡದ ವರ ಬಂದ. ವರನೇನೋ ಸಾಲಿ ಮಾಸ್ತರ, ಮುಂದೆ ಓದಿಸಿಯಾನು ಎಂದು ಅಪ್ಪ ಸಮಾಧಾನ ಹೇಳಿದರು. ಹೀಗೆ ನಾನು ರೇಲ್ವೆ ಹತ್ತಿ ಧಾರವಾಡದ ಮಾಳಮಡ್ಡಿಯ ಮನೆಗೆ ಬಂದೆ. ಮನೆಯಲ್ಲಿ ನಮ್ಮವರು ಮತ್ತು ಅತ್ತೆ, ಇಬ್ಬರೇ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯವರ ಮೊಣಕಾಲು ಹಿಡಿದಿದ್ದವು. ನಾನು ಬಂದ ಮರುದಿನವೇ ಅವರು ಒಲೆಯ ಮುಂದಿನ ಮಣೆ ನನಗೆ ಬಿಟ್ಟುಕೊಟ್ಟು ಗೋಡೆಗೆ ಆತು ಬತ್ತಿ ಹೊಸೆಯಲು ಕುಳಿತರು.

ನಮ್ಮ ಓಣಿಯಲ್ಲೇ ಪೆನ್ಶನ್ ಆದ ಒಬ್ಬ ಸಾಲಿ ಅಕ್ಕೋರು ಇದ್ದರು. ಲಗ್ನವಾಗಿ ಓದು ಬಿಟ್ಟ ಹುಡುಗಿಯರನ್ನು ಮಧ್ಯಾಹ್ನ ತಮ್ಮ ಕಟ್ಟೆಯ ಮೇಲೆ ಕೂಡಿಸಿಕೊಂಡು ಮುಲ್ಕಿಗೆ ತಯಾರು ಮಾಡುತ್ತಿದ್ದರು. ನನ್ನನ್ನು ನೋಡಿ, "ಎರಡಕ್ಕ ಬಾ, ನಾಲ್ಕಕ್ಕ ಹೋಗು. ವರ್ಷ ತುಂಬೂದ್ರಾಗ ಪರೀಕ್ಷಾಕ್ಕ ಕೂಡಸ್ತೀನಿ," ಅಂದರು. ನಮ್ಮವರನ್ನು ಕೇಳಿದೆ. "ಹೋಗು, ಯಾರ ಬ್ಯಾಡ ಅಂದಾರ?" ಅಂದರು. ಅತ್ತೆಯವರನ್ನು ಕೇಳಿದೆ. "ಮನಿ ಕೆಲಸ ಮುಗಿಸಿ ಎಲ್ಲೆರೆ ಹೋಗವಾ," ಅಂದರು. ಇಬ್ಬರೂ ಒಪ್ಪಿದರೆಂದು ನಾನು ಎಷ್ಟು ಹಿಗ್ಗಿದೆ ಎಂದರೆ, ಮನೆಗೆಲಸ ಎಂದಾದರೂ ಮುಗಿಯುತ್ತದೆಯೇ ಎಂದು ಯೋಚಿಸಲೇ ಇಲ್ಲ.

ಎರಡಕ್ಕೆ ಹೋಗುವುದು ಒತ್ತಟ್ಟಿಗಿರಲಿ, ನಾಲ್ಕಕ್ಕೂ ನನಗೆ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಅಡಿಗೆ ಮಾಡುವುದು ನನಗೆ ಎಂದೂ ಭಾರವೆನಿಸಿಲ್ಲ. ಏನು ಅಡಿಗೆ ಎಂದು ಗೊತ್ತಾಗುವುದಿತ್ತಲ್ಲ, ಅದು ನನ್ನ ದಿನವನ್ನೆಲ್ಲ ತಿಂದುಹಾಕುತ್ತಿತ್ತು. ಮುಂಜಾನೆ ಎದ್ದು ಅತ್ತೆಯವರನ್ನು ಕೇಳಬೇಕು. "ಅವನ್ನ ಕೇಳು, ಅವಗ ಏನ ಬೇಕೋ," ಎನ್ನುವರು. ನಮ್ಮವರನ್ನು ಕೇಳಿದರೆ, "ಅವ್ವನ್ನ ಕೇಳು," ಎನ್ನುವರು. ತಿರುಗಿ ಅತ್ತೆಯವರ ಹತ್ತಿರ ಬಂದರೆ, "ಏನರೆ ಮಾಡವಾ," ಎನ್ನುವರು. ಅಷ್ಟರಲ್ಲಿ ನಾನು ಸ್ನಾನ ಮಾಡಿ, ಗಳದ ಮೇಲಿನ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟಿರುತ್ತಿದ್ದೆ. ಮಡಿ ಉಟ್ಟ ಮೇಲೆ ಮೈಲಿಗೆಯ ಕೋಣೆಯಲ್ಲಿದ್ದ ಚೀಲ, ಬುಟ್ಟಿ ಒಂದನ್ನೂ ಮುಟ್ಟುವ ಹಾಗಿಲ್ಲ. ಬೇಳೆ ಬೇಯುತ್ತಿದ್ದಾಗ, "ಇವತ್ತ ಬ್ಯಾಳಿ ಬ್ಯಾಡಿತ್ತು, ಮಜ್ಜಿಗಿ ಹುಳಿ ಮಾಡಿದ್ದರ ಛಲೋ ಇತ್ತು," ಎಂದು ಗೋಡೆಯ ಕಡೆಯಿಂದ ಮಾತು ಬರುವುದು. ಕಡಲೆಹಿಟ್ಟು ಮೈಲಿಗೆಯ ಕೋಣೆಯಲ್ಲಿ, ನಾನು ಮಡಿಯಲ್ಲಿ. ಮಜ್ಜಿಗೆಹುಳಿಯ ಆಸೆ ಅಲ್ಲೇ ಮುಗಿಯುತ್ತಿತ್ತು. ಅದರ ಬೇಸರ ಮಾತ್ರ ಊಟದ ತನಕ ಇರುತ್ತಿತ್ತು.

ಮನೆಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುವುದೂ ಸುಲಭವಿರಲಿಲ್ಲ. ನಮ್ಮಲ್ಲಿ ಅಕ್ಕಿ ತೀರಿತು ಎನ್ನಬಾರದು, ಹೆಚ್ಚಾಗ್ಯಾವ ಅನ್ನಬೇಕು. ಅತ್ತೆಯವರು ಈ ಶಾಸ್ತ್ರವನ್ನು ಉಪ್ಪು, ಎಣ್ಣೆ, ಸಾಸಿವೆಯ ತನಕ ಒಯ್ದಿದ್ದರು. ಡಬ್ಬಿಯ ತಳ ಕಾಣುತ್ತಿದ್ದರೂ ಅವರ ಬಾಯಲ್ಲಿ ಮನೆ ತುಂಬಿರುತ್ತಿತ್ತು. ಅರಿಷಿಣ, ಕುಂಕುಮಕ್ಕೆ ಹಾಗೆ ಅನ್ನಲಿ, ಒಪ್ಪುತ್ತೇನೆ. ಹುಣಸೆಹಣ್ಣಿಗೆ ಯಾವ ಸೌಭಾಗ್ಯ?

ಮಧ್ಯಾಹ್ನ ಅತ್ತೆ, ಸೊಸೆ ಇಬ್ಬರೂ ಉಂಡು, ಪಾತ್ರೆ ತಿಕ್ಕಿ, ನಾನು ಸೆರಗಿಗೆ ಕೈ ಒರೆಸಿಕೊಳ್ಳುವ ಹೊತ್ತಿಗೆ ಅತ್ತೆಯವರು, "ಸಂಜೀಕೇನು?" ಎನ್ನುತ್ತಿದ್ದರು. ಮತ್ತೆ ಸಭೆ. ಅವರ ಮಗನಿಗೆ ಎಳವೆಯಲ್ಲಿ ಯಾವ ಪಲ್ಲೆ ಸೇರುತ್ತಿತ್ತು, ಯಾವುದರಿಂದ ಹೊಟ್ಟೆ ನೋಯುತ್ತಿತ್ತು, ಹೋದ ವಾರ ಬದನೆಕಾಯಿ ಯಾಕೆ ಕಹಿಯಾಯಿತು, ಎಲ್ಲ ಬರಬೇಕು. ಹೊರಗೆ ಅಕ್ಕೋರ ಕಟ್ಟೆಯಿಂದ ಹುಡುಗಿಯರು ಪಾಠ ಒಪ್ಪಿಸುವುದು ಕೇಳಿಸುತ್ತಿತ್ತು. ನನಗೆ ಕೂತಲ್ಲೇ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಆಗ ಊರಲ್ಲೆಲ್ಲ ಸಭೆಗಳು. ನಮ್ಮವರು ದಿನ ಬಿಟ್ಟು ದಿನ ಯಾವುದಾದರೂ ಸಭೆಗೆ ಹೋಗಿ, ಇಂಥ ಠರಾವು ಪಾಸಾಯಿತು, ಅಂಥ ಠರಾವು ಪಾಸಾಯಿತು ಎಂದು ಹೇಳುತ್ತ ಬರುತ್ತಿದ್ದರು. ನಾನೂ ಒಂದು ಸಂಜೆ ಊಟಕ್ಕೆ ಬಡಿಸುತ್ತ ನನ್ನ ಠರಾವು ಮಂಡಿಸಿದೆ. ಇನ್ನು ಮೇಲೆ ಅಡಿಗೆ ವಾರಕ್ಕೆ ಮೊದಲೇ ಗೊತ್ತಾಗಿರತಕ್ಕದ್ದು. ಮಂಗಳವಾರ ಸಂತೆ, ಅಂದು ತಾಜಾ ಸೊಪ್ಪು. ಬುಧವಾರ ಬದನೆಕಾಯಿ ಎಣ್ಣೆಗಾಯಿ, ಭಕ್ರಿ. ಗುರುವಾರ ಝುಣಕ. ಶನಿವಾರ ಕಾಯಿಪಲ್ಲೆ ಮುಗಿದಿರುತ್ತದೆ, ಹೀಗಾಗಿ ತಾಲಿಪೆಟ್ಟು. ಹೀಗೆ ಏಳೂ ದಿನದ್ದು ಬಾಯಿಪಾಠ ಒಪ್ಪಿಸಿದೆ. ನಮ್ಮವರು ಎಣ್ಣೆಗಾಯಿ ಎಂದ ಕೂಡಲೇ, "ಠರಾವು ಪಾಸ್," ಅಂದರು. ಅತ್ತೆಯವರು ಬತ್ತಿ ಹೊಸೆಯುತ್ತಿದ್ದರು, ತಲೆ ಎತ್ತಲಿಲ್ಲ.

ಮೊದಲ ವಾರವೇ ಎಡವಿದೆ. ಮಂಗಳವಾರ ಸಂತೆಯಿಂದ ಎಳೆಯ ಬದನೆಕಾಯಿ ಆರಿಸಿ ತರಿಸಿದ್ದೆ. ಮಸಾಲೆ ಹುರಿದು ಕುಟ್ಟಿ ಇಟ್ಟಿದ್ದೆ. ಬುಧವಾರ ಮುಂಜಾನೆ ಈಳಿಗೆಯ ಮುಂದೆ ಕುಳಿತರೆ ಅತ್ತೆಯವರು ಶಾಂತವಾಗಿ, "ಇವತ್ತ ಏಕಾದಶಿ," ಅಂದರು. ಏಕಾದಶಿ ನನಗೆ ಗೊತ್ತಿಲ್ಲದ್ದೇ? ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದು. ಆದರೆ ಠರಾವು ಮಾಡುವ ಹುರುಪಿನಲ್ಲಿ ನಾನು ಬರೀ ವಾರ ಹಿಡಿದು ಹೊರಟಿದ್ದೆ. ನಮ್ಮ ಮನೆಯ ಹೊಟ್ಟೆ ನಡೆಯುವುದು ತಿಥಿಯ ಮೇಲೆ. ಮರುದಿನ ದ್ವಾದಶಿ, ನಸುಕಿನಲ್ಲೇ ಪಾರಣೆ, ಝುಣಕಕ್ಕೆ ಜಾಗವಿಲ್ಲ. ಬದನೆಕಾಯಿ ಶುಕ್ರವಾರದ ತನಕ ಬುಟ್ಟಿಯಲ್ಲಿ ಬಾಡುತ್ತ ಕುಳಿತವು. "ಮೊದಲ ಹೇಳಬಾರದಿತ್ತೇನ್ರಿ, ಅತ್ತಿಯವರ?" ಎಂದು ಕೇಳಿದೆ. "ನೀ ಎಲ್ಲಿ ಕೇಳಿದಿ?" ಅಂದರು. ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. ಬದನೆಕಾಯಿಯ ಸಂಕಟದಲ್ಲಿ ಬಿಟ್ಟುಬಿಟ್ಟೆ.

ಅಂದಿನಿಂದ ಪ್ರತಿ ರವಿವಾರ ಪಂಚಾಂಗ ತೆಗೆದು ಮುಂದಿನ ವಾರದ ತಿಥಿ ನೋಡಿ ಠರಾವು ತಿದ್ದತೊಡಗಿದೆ. ಆಮೇಲೆ ಎರಡನೆಯ ಪೀಡೆ ಬಂತು. ನಮ್ಮವರು ಸಾಲಿಯಲ್ಲಿ ಹೆಮ್ಮೆಯಿಂದ ನನ್ನ ಠರಾವಿನ ಸುದ್ದಿ ಹೇಳಿದ್ದರು. ಅವರ ಸಾಲಿಯ ಡ್ರಾಯಿಂಗ್ ಮಾಸ್ತರರಿಗೆ ಊಟದ ಮೇಲೆ ಬಹಳ ಪ್ರೀತಿ. ಅವರು ಬುಧವಾರ ದೀಪ ಹಚ್ಚುವ ಹೊತ್ತಿಗೆ ತಪ್ಪದೆ ಕೊಡೆ ಹಿಡಿದು ಬರತೊಡಗಿದರು. "ಸುಮ್ನ ಈ ಕಡೆ ಹಾದು ಹೊಂಟಿದ್ದೆ, ವೈನಿ," ಎನ್ನುವರು. ಮಳೆಯಿಲ್ಲದ ದಿನಗಳಲ್ಲೂ ಕೊಡೆ. ಒಮ್ಮೆ ಸಾಲಿಯಲ್ಲೇ ನಮ್ಮವರನ್ನು, "ಈ ಬುಧವಾರ ಏಕಾದಶಿ ಏನೂ ಇಲ್ಲಲ್ಲ?" ಎಂದು ಕೇಳಿದರಂತೆ. ಊಟ ಮೊದಲೇ ಗೊತ್ತು ಮಾಡುವುದರಿಂದ ಆಗುವ ಲಾಭ ಯಾರ್ಯಾರಿಗೆ ಎಂದು ನನಗೆ ಆಗ ತಿಳಿಯಿತು.

ಆದರೂ ಸುಳ್ಳು ಹೇಳಬಾರದು, ನನಗೂ ಲಾಭವಾಯಿತು. ಮುಂಜಾನೆಯ ಸಭೆ ನಿಂತಿತು. ಮಡಿ ಉಡುವ ಮೊದಲೇ ಬೇಕಾದದ್ದೆಲ್ಲ ಒಲೆಯ ಹತ್ತಿರ ಬಂದು ಕುಳಿತಿರುತ್ತಿತ್ತು. ಸಂಜೆಯ ಚಟ್ನಿ ಮುಂಜಾನೆಯೇ ಅರೆದಾಗುತ್ತಿತ್ತು. ಏನು ತರಬೇಕು, ಎಷ್ಟು ತರಬೇಕು ಗೊತ್ತಿದ್ದುದರಿಂದ ಕಾಯಿಪಲ್ಲೆ ಕೊಳೆಯುತ್ತಿರಲಿಲ್ಲ. ಎರಡಕ್ಕೆ ಸರಿಯಾಗಿ ನಾನು ಪಾಟಿ ಹಿಡಿದು ಅಕ್ಕೋರ ಕಟ್ಟೆಯ ಮೇಲೆ ಹಾಜರು. ತ್ರೈರಾಶಿಕದ ಲೆಕ್ಕ ನನ್ನನ್ನು ಕಾಡುತ್ತಿತ್ತು, ಆದರೂ ಹಟ ಹಿಡಿದು ಮಾಡುತ್ತಿದ್ದೆ. ಆ ಎರಡು ತಾಸು ನಾನು ಯಾರನ್ನೂ ಏನೂ ಕೇಳಬೇಕಿರಲಿಲ್ಲ. ಎಷ್ಟು ಸುಖವಾಗಿದ್ದೆನೋ.

ಒಂದು ದಿನ, ಏಕಾದಶಿಯಲ್ಲ, ಸೋಮವಾರವಲ್ಲ, ಏನೂ ಅಲ್ಲದ ದಿನ, ಅತ್ತೆಯವರು ಉಪವಾಸ ಎಂದರು. ಮರುದಿನ ಒಂದು ತುತ್ತು ಉಂಡು ತಾಟು ಸರಿಸಿದರು. ನಮ್ಮವರು ಗಾಬರಿಯಾಗಿ ವೈದ್ಯರನ್ನು ಕರೆಯಲೇ ಎಂದರು. ಅವರು ಅತ್ತ ಹೋದ ಮೇಲೆ ನಾನು ಹತ್ತಿರ ಕುಳಿತು ಕೇಳಿದೆ.

"ಏನ ತಪ್ಪಾಗೇದ ಹೇಳ್ರಿ, ಅತ್ತಿಯವರ."

"ನಿಂದೇನ ತಪ್ಪವಾ. ಎಲ್ಲಾ ಛಲೋ ನಡದದ," ಎಂದರು. ಬತ್ತಿಯ ಹತ್ತಿ ಬಿಡಿಸುತ್ತ ಹೇಳಿದರು, "ನಾ ಈ ಮನೀಗೆ ಬಂದಾಗ ದಿನಾ ನನ್ನ ಅತ್ತೀನ್ನ ಕೇಳ್ತಿದ್ದೆ. ಅವರು ಹೋದ ಮ್ಯಾಲೆ ನಿನ್ನ ಮಾವನ್ನ ಕೇಳ್ತಿದ್ದೆ. ನನ್ನ ಯಾರ ಕೇಳತಾರ ಅಂತ ದಾರಿ ನೋಡ್ತಿದ್ದೆ. ನೀ ಬಂದಿ, ಕೇಳಿದಿ. ಈಗ ಅದನೂ ಬಿಟ್ಟಿ. ಗ್ವಾಡಿ ಮ್ಯಾಲಿನ ದೇವರ ಫೋಟೋಕ್ಕರೆ ದಿನಾ ಒಂದ ಹೂವ ಏರಸ್ತಿ."

ನನಗೆ ಸಿಟ್ಟೂ ಬಂತು, ಪಾಪವೂ ಅನಿಸಿತು. ಕೇಳಿದಾಗ ಒಂದು ದಿನವೂ ನೆಟ್ಟಗೆ ಉತ್ತರ ಕೊಟ್ಟವರಲ್ಲ. ಕೇಳದಿದ್ದರೆ ಉಪವಾಸ. ಇದಕ್ಕೆ ಏನು ಮಾಡುವುದು ಎಂದು ಅಕ್ಕೋರ ಮುಂದೆ ಹಣೆ ಚಚ್ಚಿಕೊಂಡೆ. ಅವರು ನನ್ನ ಪಾಟಿಯ ಮೇಲಿನ ತಪ್ಪು ಲೆಕ್ಕ ಒರೆಸುತ್ತ, "ಕೇಳಬಾರದ? ಕೇಳಿದರ ನಿಂದೇನ ಹೋಗತದ?" ಅಂದರು.

ಮರುದಿನ ಗುರುವಾರ. ಝುಣಕಕ್ಕೆ ಕಡಲೆಹಿಟ್ಟು ತೆಗೆದಿಟ್ಟು, ಮೆಣಸಿನಕಾಯಿ ಹೆಚ್ಚಿ, ಆಮೇಲೆ ಹೋಗಿ ಕೇಳಿದೆ, "ಅತ್ತಿಯವರ, ಇವತ್ತ ಏನ ಮಾಡ್ಲಿ?" ಅತ್ತೆಯವರು ಕಣ್ಣು ಮುಚ್ಚಿ ಬಹಳ ಯೋಚಿಸಿದವರ ಹಾಗೆ ಮಾಡಿ, "ಏನರೆ ಮಾಡವಾ," ಅಂದರು. ಅಂದು ಎರಡು ಭಕ್ರಿ ಉಂಡರು. ಆಮೇಲೆ ದಿನವೂ ಇದೇ ನಡೆಯಿತು. ಕೇಳುವುದೂ ನನ್ನ ಠರಾವಿನಲ್ಲಿ ಸೇರಿತು.

ಪರೀಕ್ಷೆ ಹತ್ತಿರ ಬಂತು. ತಾರೀಖು ಗೊತ್ತಾದ ದಿನದಿಂದ ನಾನು ಆ ವಾರದ ಅಡಿಗೆಯನ್ನು ಮನಸ್ಸಿನಲ್ಲಿ ಹಗುರ ಮಾಡುತ್ತ ಬಂದಿದ್ದೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಮೊದಲೇ ಮಾಡಿ ಡಬ್ಬಿಗೆ ತುಂಬಿದ್ದೆ. ಅದರ ಹಿಂದಿನ ರವಿವಾರ ಎಂದಿನಂತೆ ಪಂಚಾಂಗ ತೆಗೆದೆ. ಗಣಿತದ ಪೇಪರಿನ ದಿನದ ಎದುರಿಗಿದ್ದ ಚೈತ್ರದ ತಿಥಿಯ ಮೇಲೆ ಬೆರಳು ನಿಂತಿತು. ಮಾವನವರ ಶ್ರಾದ್ಧ.

ಪರೀಕ್ಷೆಯನ್ನು ನಾನು ತಾರೀಖಿನಲ್ಲಿ ಇಟ್ಟುಕೊಂಡಿದ್ದೆ. ಅತ್ತೆಯವರು ಶ್ರಾದ್ಧವನ್ನು ತಿಥಿಯಲ್ಲಿ ಇಟ್ಟುಕೊಂಡಿದ್ದರು. ಒಂದೇ ಮನೆಯಲ್ಲಿದ್ದೂ ಎರಡೂ ಒಂದೇ ದಿನವೆಂದು ಇಬ್ಬರಿಗೂ ಹೊಳೆದಿರಲಿಲ್ಲ. ವರ್ಷದಲ್ಲಿ ಅದೊಂದೇ ದಿನ ನಮ್ಮ ಮನೆಯಲ್ಲಿ ಏನು ಅಡಿಗೆ ಎಂದು ಯಾರೂ ಕೇಳುವ ಹಾಗಿರಲಿಲ್ಲ. ವಡೆ, ಪಾಯಸ, ಎಳ್ಳಿನುಂಡೆ, ಬಾಳೆಕಾಯಿ, ಹಾಗಲಕಾಯಿ, ಎಲ್ಲ ಹಿಂದಿನಿಂದ ಗೊತ್ತಾಗಿರುವುದು. ಮಾಡುವವಳು ಸೊಸೆ. ನಸುಕಿನಿಂದ ಬ್ರಾಹ್ಮಣರು ಏಳುವ ತನಕ ಒಲೆ ಬಿಟ್ಟು ಅಲುಗುವ ಹಾಗಿಲ್ಲ. ಹೊರಗಿನ ಅಡಿಗೆಯವರ ಕೈಯ ಅಡಿಗೆ ಆ ದಿನ ಅತ್ತೆಯವರಿಗೆ ನಡೆಯುತ್ತಿರಲಿಲ್ಲ.

ನಮ್ಮವರಿಗೆ ಹೇಳಿದೆ. "ಅರೆ," ಎಂದು ತಲೆ ತುರಿಸಿಕೊಂಡರು. "ಹೋಗ್ಲಿ ಬಿಡು, ಮುಂದಿನ ವರ್ಷ ಕೂತರಾತು. ಪರೀಕ್ಷಾ ಎಲ್ಲಿ ಓಡಿ ಹೋಗತದ?"

ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಬೋಗುಣಿಯಲ್ಲಿ ನೀರು ಸುರಿಯುವ ಸಪ್ಪಳ ಮಾಡುತ್ತ ಅತ್ತುಬಿಟ್ಟೆ. ಒಂದು ವರ್ಷ ಎಲ್ಲರ ಊಟ ಹಿಂದುಮುಂದು ನೋಡಿ ಇಟ್ಟವಳಿಗೆ ತನ್ನ ಒಂದು ದಿನ ನೋಡಿಕೊಳ್ಳಲಾಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು. ಹೊರಗೆ ಬಂದಾಗ ಅತ್ತೆಯವರು ಗೋಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಪರೀಕ್ಷಾ ಎಷ್ಟಕ್ಕ ಅದ?"

"ಹನ್ನೊಂದಕ್ಕ."

"ಮತ್ತ ಹೋಗು. ಅಡಿಗಿ ನಾ ಮಾಡ್ತೀನಿ."

"ನಿಮ್ಮ ಮೊಣಕಾಲು..."

"ಮೊಣಕಾಲಿಲೆ ಅಡಿಗಿ ಮಾಡ್ತಾರೇನ? ಅವರಿಗೆ ಏನ ಸೇರತಿತ್ತು ಅಂತ ಈ ಮನ್ಯಾಗ ನನಗೊಬ್ಬಾಕೀಗೆ ಗೊತ್ತದ. ನೀ ಹೋಗು."

ಹೋದೆ. ಗಣಿತದ ಹಾಳೆ ಕೈಗೆ ಬಂತು. ಮೊದಲನೆಯದೇ ಎರಡು ತರದ ಅಕ್ಕಿ ಬೆರೆಸುವ ವ್ಯಾಪಾರಿಯ ಲೆಕ್ಕ. ಅಕ್ಕಿ ಎಂದು ಓದಿದ್ದೇ ತಡ, ಪಾಯಸದ ಅಕ್ಕಿ ತೊಳೆದರೋ ಇಲ್ಲವೋ ಎಂದು ಯೋಚನೆ ಹತ್ತಿತು. ವಡೆಗೆ ಉದ್ದು ನೆನೆಸಿದ್ದಾರೆಯೇ? ತುಪ್ಪ ಹೆಚ್ಚಾಗ್ಯಾದ ಅಂದಿದ್ದರಲ್ಲ, ಎಂದರೆ ಇಲ್ಲವೇ ಇಲ್ಲವೋ ಏನೋ? ಅನ್ನದ ದೊಡ್ಡ ಹಂಡೆಯನ್ನು ಒಬ್ಬರೇ ಹ್ಯಾಗೆ ಇಳಿಸುತ್ತಾರೆ? ನನ್ನ ಲೇಖಣಿ ಮಸಿಯಲ್ಲಿ ಅದ್ದಿದ್ದು ಒಣಗುವುದು, ಮತ್ತೆ ಅದ್ದುವುದು. ವ್ಯಾಪಾರಿ ಅಕ್ಕಿ ಬೆರೆಸಲೇ ಇಲ್ಲ. ಕೊನೆಯ ಗಂಟೆ ಹೊಡೆದಾಗ ನಾನು ಮನೆಯ ಅಡಿಗೆಯನ್ನೆಲ್ಲ ಮಾಡಿ ಮುಗಿಸಿದ್ದೆ. ಹಾಳೆ ಅರ್ಧ ಖಾಲಿ ಇತ್ತು.

ಮನೆಗೆ ಓಡುತ್ತಲೇ ಬಂದೆ. ಬ್ರಾಹ್ಮಣರು ಉಂಡು ಹೋಗಿದ್ದರು. ಅತ್ತೆಯವರು ಕಾಲು ಚಾಚಿ ಗೋಡೆಗೆ ಆತು ಕುಳಿತಿದ್ದರು. ಮುಖ ದಣಿದಿತ್ತು, ಆದರೆ ಅಂಥ ಕಳೆಯನ್ನು ನಾನು ಅವರ ಮುಖದಲ್ಲಿ ಎಂದೂ ಕಂಡಿರಲಿಲ್ಲ. ನಾನು ಹೊಸ್ತಿಲ ಹೊರಗೇ ನಿಂತು ಕೇಳಿದೆ, "ವಡಿಗೆ ಉದ್ದ ನೆನಸಿದ್ರೇನ್ರಿ?" ಅವರು ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿ, ಚಾಚಿದ ಕಾಲು ಮಡಚಿಕೊಂಡರು.

ಫಲಿತಾಂಶ ಬಂತು. ಉಳಿದದ್ದರಲ್ಲೆಲ್ಲ ಪಾಸ್, ಗಣಿತದಲ್ಲಿ ನಪಾಸ್. ನಮ್ಮವರು ಹೋಗಲಿ ಬಿಡು ಎಂದು ಅಂಗಿ ತೊಟ್ಟು ಯಾವುದೋ ಸಭೆಗೆ ಹೋದರು. ಅತ್ತೆಯವರು ನನ್ನನ್ನು ಎದುರಿಗೆ ಕೂಡಿಸಿಕೊಂಡರು.

"ಆವತ್ತ ಅಲ್ಲೆ ಕೂತು ಏನ ಮಾಡ್ತಿದ್ದಿ, ಖರೇ ಹೇಳು."

ಹೇಳಿದೆ. ಉದ್ದು, ತುಪ್ಪ, ಹಂಡೆ, ಎಲ್ಲ ಹೇಳಿದೆ. ಅವರು ಕೊನೆಯ ತನಕ ಕೇಳಿದರು. ಆಮೇಲೆ ಅವರಿಗೆ ಬಂದಂಥ ಸಿಟ್ಟನ್ನು ನಾನು ಆ ಮನೆಯಲ್ಲಿ ಮತ್ತೆ ನೋಡಲಿಲ್ಲ.

"ನೀ ಹುಟ್ಟೂಕಿಂತ ಮೊದಲಿನಿಂದ ವಡಿ ಮಾಡೀನಿ. ಉದ್ದ ನೆನಸೂದು ನೀ ನನಗ ಹೇಳಬೇಕ? ಅದೂ ಪರೀಕ್ಷಾದಾಗ ಕೂತು?" ಅಂದರು. ಏದುಸಿರು ಬಂತು, ಸುಧಾರಿಸಿಕೊಂಡರು. "ಮುಂದಿನ ವರ್ಷ ಪರೀಕ್ಷಾದ ವಾರ ಪೂರಾ ಒಲಿ ನಂದು. ಏನ ಮಾಡ್ಲಿ ಅಂತ ನೀ ನನ್ನ ಕೇಳೂ ಹಂಗಿಲ್ಲ. ಏನ ಮಾಡತೀನಿ ಅಂತ ನಾ ನಿನಗ ಹೇಳೂದಿಲ್ಲ. ಉಪ್ಪ ಹಾಕಿದ್ನೋ ಬಿಟ್ಟನೋ ಅದೂ ನಿನಗ ಬ್ಯಾಡ. ತಿಳೀತಿಲ್ಲೋ?"

ಮರುವರ್ಷ ನಾನು ಪಾಸಾದೆ. ಗಣಿತದ ಆ ದಿನ ನಮ್ಮ ಮನೆಯಲ್ಲಿ ಏನು ಅಡಿಗೆಯಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.